ಮೊದಲ ಹಿಡಿ ಕಾಫಿಪುಡಿ

ಬೆಳಿಗ್ಗೆ ಕಾಫಿ ಬೀಜ ಹಾಕಿ ಕೈಗಿರಣಿ ತಿರುವುತ್ತಿದ್ದೆ. ಕಾಫಿಯ ವಾಸನೆಯ ಒಳಗೇ ಇನ್ನೊಂದು ವಾಸನೆ ಬಂತು, ಆಗಷ್ಟೇ ಬೀಸಿದ ಬಿಸಿ ಹಿಟ್ಟಿನದು. ಕೈ ನಿಂತಿತು. ಕಿವಿ ಪಕ್ಕದ ಗೋಡೆಯ ಕಡೆ ಹೋಯಿತು... ಅಲ್ಲಿ ಗಿರಣಿಯ ಪಟ್ಟಾ ತಿರುಗುವ ಸದ್ದು ನಿಂತು ವರ್ಷವಾಗುತ್ತ ಬಂತು.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮ ಮನೆಗೂ ಹಿಟ್ಟಿನ ಗಿರಣಿಗೂ ಒಂದೇ ಗೋಡೆ. ಗಿರಣಿ ನಡೆಸುತ್ತಿದ್ದವರನ್ನು ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದರು. ಹುಬ್ಬಿನ ಮೇಲೆ, ಟೊಪ್ಪಿಗೆಯ ಮೇಲೆ ಸದಾ ಹಿಟ್ಟು ಕೂತಿರುತ್ತಿತ್ತು. ಒಬ್ಬರ ಜೋಳ ಮುಗಿಸಿ ಇನ್ನೊಬ್ಬರದು ಹಾಕಿದಾಗ ಬೀಳುವ ಮೊದಲ ಹಿಡಿ ಹಿಟ್ಟನ್ನು ಅವರು ಯಾರ ಚೀಲಕ್ಕೂ ಬಿಡುತ್ತಿರಲಿಲ್ಲ. ಅದರಲ್ಲಿ ಹಿಂದಿನವರದು ಬೆರೆತಿರುತ್ತದೆ. ಅದನ್ನು ಒಂದು ತಗಡಿನ ಡಬ್ಬಿಗೆ ಹಾಕಿಟ್ಟು ಸಂಜೆ ಓಣಿಯ ಆಕಳಿಗೆ ಕೊಡುತ್ತಿದ್ದರು.

ಎರಡು ವರ್ಷದ ಹಿಂದೆ ನಾನು ಮನೆಗೊಂದು ಎಸ್ಪ್ರೆಸೊ ಕಾಫಿ ಮಷೀನ್ ತಂದೆ. ಒಮ್ಮೆ ಪುಣೆಯಲ್ಲಿ ಕುಡಿದ ಚಿಕ್ಕ ಕಪ್ಪಿನ ರುಚಿ ನಾಲಿಗೆಯಲ್ಲೇ ಉಳಿದಿತ್ತು. ದಿನಾ ತಿಕೋಟಾದ ಕೆಲಸ ಮುಗಿಸಿ ಬಸ್ಸಿಳಿದು ಬಂದ ಮೇಲೆ ನನಗೂ ಏನಾದರೂ ಹೊಸದು ಬೇಕಿತ್ತು. ಹುರಿದ ಬೀಜ ತರಿಸಿದೆ, ಬೀಸುವ ಯಂತ್ರ ತರಿಸಲಿಲ್ಲ. ಗೋಡೆಯ ಆಚೆಗೇ ಗಿರಣಿ ಇರುವಾಗ ಅದೇಕೆ ಎಂದುಕೊಂಡೆ.

ಚಾಚಾ ಬೀಜ ಅಂಗೈಯಲ್ಲಿ ಹಿಡಿದು ನೋಡಿದರು.

"ಏನವ್ವ ಇವು, ಹುಳ ಬಿದ್ದು ಕರ್ರಗಾಗ್ಯಾವೇನು?"

"ಕಾಫಿ ಬೀಜರಿ ಚಾಚಾ. ಬೀಸಿ ಕೊಡ್ರಿ."

"ಕೊಡ್ತೇನಿ. ನಾಳೆ ಎಲ್ಲಾರ ಮನ್ಯಾಗ ಕರೇ ರೊಟ್ಟಿ ಆದ್ರ ಬೈಗಳಾ ನೀ ತಿನಬೇಕ ನೋಡು."

ಸಂಜೆ ಎಲ್ಲರ ಜೋಳ ಮುಗಿದ ಮೇಲೆ ನನ್ನ ಬೀಜ ಹಾಕಿದರು. ಮೊದಲ ಹಿಡಿಗೆ ಡಬ್ಬಿ ಒಡ್ಡಿದರು. ನಾನು ಚೀಲ ಮುಂದೆ ಮಾಡಿದೆ. "ತುಟ್ಟಿ ಬೀಜರಿ. ಒಂದು ಚಿಟಿಕಿನೂ ಬ್ಯಾಡ." ಅವರು ನನ್ನ ಮುಖ ನೋಡಿ ಡಬ್ಬಿ ಹಿಂದಕ್ಕೆ ತೆಗೆದುಕೊಂಡರು.

ಮರುದಿನ ಮಷೀನ್ ಗುರುಗುಟ್ಟಿತು, ಒಂದು ಹನಿಯೂ ಇಳಿಯಲಿಲ್ಲ. ಪುಡಿಯಲ್ಲಿ ಬೆರೆತ ಜೋಳದ ಹಿಟ್ಟು ಬಿಸಿನೀರಿಗೆ ಅಂಬಲಿಯಾಗಿ ಜಾಲರಿಯನ್ನು ಮುಚ್ಚಿಬಿಟ್ಟಿತ್ತು. ಹೇಳಲು ಹೋದಾಗ ಚಾಚಾ ಊಟಕ್ಕೆ ಕೂತಿದ್ದರು. ಊಟದ ಡಬ್ಬಿಯಲ್ಲಿದ್ದ ರೊಟ್ಟಿ ಕಂದುಗಪ್ಪಾಗಿತ್ತು.

"ಕಾಫಿ ಹತ್ತಿದ ಕಲ್ಲು ತೊಳ್ಯಾಕ ಬರೂದಿಲ್ಲಲ್ಲ ಬೇಟಾ," ಎಂದರು. "ಯಾರದರ ಜ್ವಾಳ ಹಾಕಿ ತಿರುವಬೇಕು. ನಂದ ಹಾಕೀನಿ."

ಮೂರು ದಿನ ಅದೇ ರೊಟ್ಟಿ ತಿಂದರು. ನಿದ್ದಿ ಬರವಲ್ದು ಎಂದು ನಕ್ಕರು, ಅಷ್ಟೆ.

ಆಮೇಲೆ ಕೈಗಿರಣಿ ತರಿಸಿದೆ. ಪುಡಿ ತರಿಯಾದರೆ ಕಾಫಿ ನೀರಿನಂತೆ ಸುರಿದು ಹುಳಿಯಾಗುತ್ತಿತ್ತು. ನುಣ್ಣಗಾದರೆ ಹನಿಹನಿಯಾಗಿ ಇಳಿದು ಬಾಯಿಗಿಡಲಾರದಷ್ಟು ಕಹಿ. ದಿನಾ ಒಂದು ಚಿಟಿಕೆ ಪುಡಿ ಒಯ್ದು ಚಾಚಾಗೆ ತೋರಿಸುತ್ತಿದ್ದೆ. ಅವರು ಕಾಫಿ ಕುಡಿದವರಲ್ಲ. ಹೆಬ್ಬೆರಳಿನಿಂದ ತಿಕ್ಕಿ ನೋಡಿ, "ನುಚ್ಚಾಗೇತಿ," ಎನ್ನುತ್ತಿದ್ದರು. ಇಲ್ಲವೆ, "ಪೌಡರ್ ಹಚ್ಕೋತಿ ಏನ ಇದನ್ನ?" ಎನ್ನುತ್ತಿದ್ದರು. ಅವರು ಹೇಳಿದ್ದಕ್ಕೆ ತಕ್ಕಂತೆ ಕೈಗಿರಣಿಯ ತಿರುಪು ತಿರುವಿದರೆ ಕಾಫಿ ಸುಧಾರಿಸುತ್ತಿತ್ತು.

ಕುಡಿಯಿರಿ ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ. "ಛಲೋ ಆದಾಗ ಕರಿ. ಬರ್ತೇನಿ."

ಮಳೆಗಾಲ ಮುಗಿಯುವ ಹೊತ್ತಿಗೆ ಕಾಫಿ ಛಲೋ ಆಗತೊಡಗಿತು. ನಾನು ಕರೆಯಲಿಲ್ಲ. ನನ್ನಿಂದಾಗಿ ಕರಿ ರೊಟ್ಟಿ ತಿಂದವರಿಗೆ ಕೊಡುವ ಕಪ್ಪಿನಲ್ಲಿ ಒಂದು ಕುಂದೂ ಇರಬಾರದು ಎಂಬ ಹಟ ನನಗೆ. ಇನ್ನೊಂದು ವಾರ, ಇನ್ನೊಂದು ವಾರ... ಅಷ್ಟರಲ್ಲಿ ಅವರ ಕಾಲು ಬಾತು, ಉಸಿರು ಕಟ್ಟತೊಡಗಿ, ಮಗಳು ಬಂದು ಕನಮಡಿಯ ತನ್ನ ಮನೆಗೆ ಕರೆದುಕೊಂಡು ಹೋದಳು.

ಒಂದು ಭಾನುವಾರ ನೋಡಲು ಹೋದೆ. ಎಸ್ಪ್ರೆಸೊ ಬಸ್ಸಿನಲ್ಲಿ ಒಯ್ಯುವಂಥದ್ದಲ್ಲ. ಕಾಗದದಲ್ಲಿ ಒಂದಿಷ್ಟು ಪುಡಿ ಕಟ್ಟಿಕೊಂಡು ಹೋಗಿದ್ದೆ. ಹೊರಸಿನ ಮೇಲೆ ಒರಗಿಕೊಂಡೇ ಚಿಟಿಕೆ ಹಿಡಿದು ತಿಕ್ಕಿದರು. ಬಹಳ ಹೊತ್ತು ತಿಕ್ಕಿದರು.

"ಇದು ಸರಿ ಐತಿ. ಯಾವಾಗಿಂದ ಹಿಂಗ ಬರಾಕತ್ತೇತಿ?"

"ಎರಡು ತಿಂಗಳಾತ್ರಿ."

"ಮತ್ತ ಕರೀಲೇ ಇಲ್ಲಲ್ಲ, ಹುಚ್ಚಿ."

ಅವರು ಕಾಗದವನ್ನು ಮೊದಲಿನ ಮಡಿಕೆಯಂತೆಯೇ ಮಡಚಿ ದಿಂಬಿನ ಪಕ್ಕ ಇಟ್ಟುಕೊಂಡರು. ಹತ್ತು ದಿನಕ್ಕೆ ಸುದ್ದಿ ಬಂತು.

ಗಿರಣಿ ಖಾಲಿ ಮಾಡುವಾಗ ಅವರ ಮಗಳು ಆ ತಗಡಿನ ಡಬ್ಬಿಯನ್ನು ನನಗೆ ಕೊಟ್ಟಳು. ಬೀಸುವಾಗ ಮೊದಲು ಬೀಳುವ ಪುಡಿಯನ್ನು ಈಗ ಅದಕ್ಕೆ ಹಾಕುತ್ತೇನೆ. ನಿನ್ನೆಯ ಹಳೇ ಪುಡಿ ಅದರೊಂದಿಗೆ ಹೋಗುತ್ತದೆ. ಆಕಳು ಇದನ್ನು ತಿನ್ನುವುದಿಲ್ಲ. ಡಬ್ಬಿ ತುಂಬಿದಾಗ ಕರಿಬೇವಿನ ಗಿಡದ ಬುಡಕ್ಕೆ ಸುರಿಯುತ್ತೇನೆ.

ಇವತ್ತು ಕಾಫಿ ಜೇನಿನ ಎಳೆಯಂತೆ ಇಳಿಯಿತು. ನಿಂತೇ ಕುಡಿದೆ. ಕೊನೆಯ ಗುಟುಕಿನಲ್ಲಿ ಸ್ವಲ್ಪ ಕಹಿ ಇತ್ತು. ಆದರೂ, ಕರೆಯುವಷ್ಟು ಚೆನ್ನಾಗಿತ್ತು.