ಬೆಳ್ಳುಳ್ಳಿ ಇರದ ಡಬ್ಬಿ

ನಾಗವೇಣಿ, ನೀನು ಪ್ರಯೋಗಾಲಯದಲ್ಲಿ ಬೆಳ್ಳುಳ್ಳಿ ಚಟ್ನಿ ತಿನ್ನುತ್ತಿರಲಿಲ್ಲ. ನಿನ್ನನ್ನು ಕೆಲಸದಿಂದ ಬಿಡಿಸಿದ ಮರುವಾರವೇ ಅದು ನನಗೆ ಗೊತ್ತಾಯಿತು — ಇಷ್ಟು ವರ್ಷ ಹೇಳಲಿಲ್ಲ.

ಓದುವವರಿಗೆ ಸ್ವಲ್ಪ ತಿಳಿಸಬೇಕು. ಪುಣೆಯ ಆ ಪ್ರಯೋಗಾಲಯಕ್ಕೆ ಆಗ ನಾನು ಮುಖ್ಯಸ್ಥೆಯಾಗಿದ್ದೆ. ನಾಗವೇಣಿ ಗುತ್ತಿಗೆಯ ಮೇಲಿದ್ದ ಸಹಾಯಕಿ, ಕಲಬುರಗಿ ಕಡೆಯಿಂದ ಬಂದ ಗಾರೆ ಕೆಲಸದ ಗೌಂಡಿಯೊಬ್ಬರ ಮಗಳು. ಡೀಸೆಲ್‌ನಿಂದ ಗಂಧಕ ತೆಗೆಯಲು ಬೇಕಾದ ನಿಕ್ಕಲ್ ಫಾಸ್ಫೈಡ್ ಎಂಬ ಕ್ರಿಯಾವರ್ಧಕವನ್ನು ತಯಾರಿಸುತ್ತಿದ್ದೆವು. ನಿಕ್ಕಲ್ ಮತ್ತು ಫಾಸ್ಫೇಟ್ ಹೀರಿದ ಸಿಲಿಕಾ ಪುಡಿಯನ್ನು ಕೊಳವೆಯಲ್ಲಿಟ್ಟು, ಹೈಡ್ರೋಜನ್ ಹರಿಸುತ್ತ ಫರ್ನೇಸಿನಲ್ಲಿ ಕಾಯಿಸಬೇಕು. ಆಗ ಸ್ವಲ್ಪ ಫಾಸ್ಫೀನ್ ಹೊರಡುತ್ತದೆ. ವಿಷಾನಿಲ. ಅದು ಸೋರಿದರೆ ಬೆಳ್ಳುಳ್ಳಿಯಂತೆ ನಾರುತ್ತದೆ ಎಂದು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವಳು ನಾನೇ.

ಆದರೂ ವಾಸನೆ ಬಂದಾಗ ನಾನು ಮೊದಲು ನೋಡಿದ್ದು ನಿನ್ನ ಊಟದ ಚೀಲವನ್ನು. ಫರ್ನೇಸ್ ಹಚ್ಚುವುದು ಬೆಳಿಗ್ಗೆ, ಅದು ಸರಿಯಾಗಿ ಕಾಯುವುದು ಊಟದ ಹೊತ್ತಿಗೆ — ನಾನೇ ಹಾಕಿದ ಕ್ರಮ. ವಾಸನೆಯೂ ಅದೇ ಹೊತ್ತಿಗೆ. ಬೀರುವಿನ ಹಿಂದೆ, ಕಸದ ಬುಟ್ಟಿಯಲ್ಲಿ ಸಿಪ್ಪೆ ಹುಡುಕಿದೆ. ಸಿಗದಿದ್ದಾಗ ಅನುಮಾನ ಇನ್ನೂ ಹೆಚ್ಚಿತು — ಎಷ್ಟು ಜಾಣತನದಿಂದ ಮುಚ್ಚಿಡುತ್ತಾಳೆ ಎಂದು.

ಒಂದು ಮಧ್ಯಾಹ್ನ ನೀನೇ ಡಬ್ಬಿ ತೆರೆದು ನನ್ನ ಮುಂದೆ ಹಿಡಿದೆ.

"ಮೊಸರನ್ನ ಅದರಿ ಮೇಡಂ. ಬಳ್ಳೊಳ್ಳಿ ಎಲ್ಲದರಿ?"

ನಾನು ಮೂಸಿದೆ. ನಿಜವಾಗಿಯೂ ಬಗ್ಗಿ ಮೂಸಿದೆ.

"ಹಂಗಾರ ಚಟ್ನಿ ಮೊದಲೇ ತಿಂದು ಮುಗಿಸಿರಬೇಕು."

"ಇಲ್ರಿ. ನನಗ ತಲಿ ಭಾಳ ನೋಯಾಕತ್ತದರಿ."

"ಫರ್ನೇಸ್ ಹಚ್ಚಿದ ದಿನಾನೇ ನೋಯ್ತದಲ್ಲ? ಭಾಳ ಶಾಣ್ಯಾ ತಲಿ ಅದ ನಿಂದು."

ಉತ್ತರ ನನ್ನ ಬಾಯಲ್ಲೇ ಇತ್ತು. ನನಗೇ ಕೇಳಿಸಲಿಲ್ಲ. ನಿಯಮ ಮೀರಿ ಪ್ರಯೋಗಾಲಯದೊಳಗೆ ತಿನ್ನುತ್ತೀಯೆಂದು ಆ ತಿಂಗಳ ಕೊನೆಗೆ ನಿನ್ನನ್ನು ಕೆಲಸದಿಂದ ಬಿಡಿಸಿದೆ.

ಮರುವಾರ ಒಬ್ಬಳೇ ಫರ್ನೇಸ್ ಹಚ್ಚಿದೆ. ಮಧ್ಯಾಹ್ನ ಮತ್ತೆ ಬೆಳ್ಳುಳ್ಳಿ. ಎಲ್ಲವನ್ನೂ ಆರಿಸಿ, ತಣಿದ ಮೇಲೆ ಕೊಳವೆಯಲ್ಲಿ ನೈಟ್ರೋಜನ್ ಬಿಟ್ಟು, ಅನಿಲ ಹೊರಹೋಗುವ ಜೋಡಣೆಗೆ ಸಾಬೂನು ನೀರು ಹಚ್ಚಿದೆ. ಗುಳ್ಳೆ ಎದ್ದಿತು. ಒಳಗಿನ ರಬ್ಬರ್ ಉಂಗುರ ಸೀಳಿತ್ತು. ಆ ಜೋಡಣೆಯನ್ನು ನನ್ನ ಹೊರತು ಯಾರೂ ಮುಟ್ಟಬಾರದು — ಅದು ನನ್ನದೇ ನಿಯಮ. ಉಂಗುರ ಬದಲಿಸಿದೆ. ಯಾರಿಗೂ ಹೇಳಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ — ಇಲ್ಲ, ಅದೇನೂ ಸಣ್ಣದಲ್ಲ. ಆದರೆ ಆಮೇಲೆ ಪುಣೆ ಹತ್ತಿರದ ಕುರಕುಂಭದ ಒಂದು ಕಾರ್ಖಾನೆಯವರು ಫೋನ್ ಮಾಡಿ ನಿನ್ನ ಬಗ್ಗೆ ವಿಚಾರಿಸಿದರು. ಎಲ್ಲ ತಿಳಿದೂ, "ಹುಡುಗಿ ಚುರುಕು, ಶಿಸ್ತು ಕಡಿಮೆ" ಎಂದೆ. ಬೇರೆ ಹೇಳಿದ್ದರೆ ನಿನ್ನನ್ನೇಕೆ ಬಿಡಿಸಿದೆನೆಂದು ಹೇಳಬೇಕಾಗುತ್ತಿತ್ತು. ಆ ಕೆಲಸ ನಿನಗೆ ಸಿಗಲಿಲ್ಲ.

ನಿವೃತ್ತಳಾದ ಮೇಲೂ ಹೊಸಬರಿಗೆ ಸುರಕ್ಷತೆಯ ಪಾಠ ಹೇಳಲು ನನ್ನನ್ನೇ ಕರೆಯುತ್ತಾರೆ. ಬರುವ ಸೋಮವಾರ ಫಾಸ್ಫೀನ್ ಪಾಠ. ಅದರ ವಾಸನೆ ಹೇಗಿರುತ್ತದೆಂದು ಹೇಳಿದ ಮೇಲೆ ನಿನ್ನ ಹೆಸರು ಹೇಳುತ್ತೇನೆ, ಡಬ್ಬಿಯ ಸಂಗತಿ ಹೇಳುತ್ತೇನೆ, ಅದನ್ನು ಮೂಸಿದವಳು ಯಾರೆಂಬುದನ್ನೂ.

ನಿನ್ನ ತಲೆನೋವು ಆಮೇಲೆ ಎಷ್ಟು ದಿನ ಇತ್ತು — ಅದನ್ನು ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.