ಒಣ ತೋರಣದ ಬಾಣಂತಿ

ನನ್ನ ಸೋಮಾರಿತನದಿಂದ ಯಾರಿಗಾದರೂ ಉಪಕಾರವಾದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆಗಿದೆ. ಉಪಕಾರ ಪಡೆದವರು ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡವರು, ಅಷ್ಟೆ.

ನಿವೃತ್ತನಾದ ಮೇಲೆ, ಭಾನುವಾರ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳ ಮೇಲೆ ಕಣ್ಣಿಡುವ ಗುಂಪೊಂದಕ್ಕೆ ಸೇರಿಕೊಂಡೆ. ಸಮುದ್ರವಿಲ್ಲದ ಜೆ.ಪಿ. ನಗರದವರಿಗೆ ಕೆರೆಯ ದಂಡೆಯೇ ಕರಾವಳಿ. ಎಲ್ಲರ ಕಣ್ಣೂ ನೀರಿನಲ್ಲಿ ನಿಂತ ಕೊಕ್ಕರೆಗಳ ಮೇಲೆ. ಅವು ಫೋಟೋಗೆ ಅಲುಗಾಡದೆ ನಿಲ್ಲುತ್ತವೆ. ಗುಂಪು ನಡೆಸುವ ಮೇಡಂ ನನಗೆ ಮಾತ್ರ ದಂಡೆಯ ಪೊದೆಗಳನ್ನು ವಹಿಸಿದರು. "ದೊಡ್ಡದನ್ನ ಎಲ್ರೂ ನೋಡ್ತಾರೆ ಸಾರ್. ಈ ಸೂರಕ್ಕಿ ಥರದ ಪುಟಾಣಿ ಹಕ್ಕಿಗಳು ಇದಾವೋ, ಹೋದ್ವೋ ಯಾರಿಗೂ ಗೊತ್ತಾಗಲ್ಲ," ಎಂದರು. ನನಗೂ ಗೊತ್ತಾಗಲಿಲ್ಲ. ದುರ್ಬೀನು ಕಣ್ಣಿಗೇರುವಷ್ಟರಲ್ಲಿ ಸೂರಕ್ಕಿ ಇನ್ನೊಂದು ಹೂವಿನ ಜೇನು ಮುಗಿಸಿರುತ್ತದೆ. ಒಮ್ಮೆ ಬಹಳ ಹೊತ್ತು ಉಸಿರು ಬಿಗಿಹಿಡಿದು ನೋಡಿದ್ದು ಒಣ ಎಲೆಯಾಗಿತ್ತು.

ಇತ್ತ ಮನೆಯಲ್ಲಿ ಬೇರೆ ಒಣ ಎಲೆಯ ತಕರಾರು. ನಮ್ಮಲ್ಲಿ ಮಾವಿನ ತೋರಣ ಕಟ್ಟುವುದಕ್ಕೆ ಹಬ್ಬವಿದೆ, ಬಿಚ್ಚುವುದಕ್ಕೆ ಯಾವ ಮುಹೂರ್ತವೂ ಇಲ್ಲ. ಸಂಕ್ರಾಂತಿಗೆ ಕಟ್ಟಿದ್ದು ಯುಗಾದಿಯವರೆಗೂ ಮುಂಬಾಗಿಲ ಮೇಲೆ ಗರಿಗರಿಯಾಗಿ ಒಣಗುತ್ತಿತ್ತು. ಇಳಿಬಿದ್ದ ದಾರದ ತುದಿಗೆ ಜೇಡರ ಬಲೆ, ತರಗು, ನಾರು ಎಲ್ಲಾ ಮೆತ್ತಿಕೊಂಡು ಒಂದು ಗಂಟು ಬೇರೆ ನೇತಾಡುತ್ತಿತ್ತು. "ರೀ, ಆ ಕಸ ತೆಗೀರಿ," ಎಂದು ಹೆಂಡತಿ ವಿಮಲಾ ಹೇಳುವುದು, "ನಾಳೆ," ಎಂದು ನಾನು ಹೇಳುವುದು, ಇಬ್ಬರಿಗೂ ಬಾಯಿಪಾಠವಾಗಿತ್ತು.

ಯುಗಾದಿಯ ಹಿಂದಿನ ದಿನ ಅವಳೇ ಜೇಡರ ಬಲೆ ಹೊಡೆಯುವ ಕೋಲು ಹಿಡಿದು ಸ್ಟೂಲ್ ಹತ್ತಿದಳು. ಕೋಲು ಇನ್ನೇನು ತಾಗಬೇಕು, ಆ ಕಸದ ಗಂಟಿನಿಂದ ಒಂದು ಬಾಗಿದ ಕೊಕ್ಕು ಹೊರಬಂತು. ವಿಮಲಾ ಸದ್ದಿಲ್ಲದೆ ಕೆಳಗಿಳಿದಳು. ಸೂರಕ್ಕಿಯ ಗೂಡು! ಗೂಡಿನ ಬಾಯಿಗೆ ಮಳೆ ಬೀಳದಂತೆ ಪುಟ್ಟ ಸಜ್ಜಾ ಸಮೇತ. ಊರೆಲ್ಲ ಹುಡುಕಿದ ನಾನು ದಿನವೂ ಅದರಡಿಯಲ್ಲೇ ಚಪ್ಪಲಿ ಬಿಡುತ್ತಿದ್ದೆ.

ಸೂರಕ್ಕಿಗೆ ಜೇಡರ ಬಲೆಯೇ ಸಿಮೆಂಟು, ನಮ್ಮ ಕಸವೇ ಇಟ್ಟಿಗೆ. ನಾವು ಹಬ್ಬಕ್ಕೆಂದು ಮೊದಲು ಹೊಡೆಯುವುದೂ ಅದನ್ನೇ. ಇಷ್ಟು ವರ್ಷ ಇಂಥ ಕೋಲುಗಳು ಬೀದಿಬೀದಿಯಲ್ಲಿ ಎಷ್ಟು ಬಾಣಂತಿಯರನ್ನು ಎಬ್ಬಿಸಿದವೋ ಎಂದು ನೆನೆದು ನಿಜಕ್ಕೂ ಸಂಕಟವಾಯಿತು.

ಆದರೆ ಮರುದಿನ ಯುಗಾದಿ. ವರ್ಷದ ಮೊದಲ ದಿನ ಮುಂಬಾಗಿಲಲ್ಲಿ ಸತ್ತ ಎಲೆ ತೂಗುವುದೆಂದರೆ ವಿಮಲಾಗೆ ಸಣ್ಣ ಮಾತಲ್ಲ. ಹಬ್ಬಗಳ ವಿಷಯದಲ್ಲಿ ನಾನು ಅವಳಿಗೆ ಭಾಷಣ ಮಾಡುವ ಧೈರ್ಯ ಎಂದೂ ಮಾಡಿದವನಲ್ಲ. ತಾಜಾ ಮಾವಿನೆಲೆಯ ಕಟ್ಟು ಮಡಿಲಲ್ಲಿಟ್ಟುಕೊಂಡು ಅವಳು ಸಂಜೆಯೆಲ್ಲ ಮುಂಬಾಗಿಲನ್ನೇ ನೋಡುತ್ತಾ ಕುಳಿತಿದ್ದಳು. ಹಳೆಯದನ್ನು ಕಿತ್ತರೆ ಮೊಟ್ಟೆ ಉಳಿಯುವುದಿಲ್ಲ. ಪಕ್ಕದಲ್ಲೇ ಹೊಸದು ಕಟ್ಟಿದರೂ ತಾಯಿ ಹೆದರಿ ಬಿಟ್ಟುಹೋದೀತು.

ಬೆಳಿಗ್ಗೆ ಎದ್ದು ನೋಡಿದರೆ, ಹಸಿರು ತೋರಣ ಹಿತ್ತಲ ಬಾಗಿಲಲ್ಲಿತ್ತು. ರಂಗೋಲಿಯೂ ಅಲ್ಲೇ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ. ಬೇವು ಬೆಲ್ಲದ ಹೊತ್ತಿಗೆ ಬನಶಂಕರಿಯಿಂದ ಅವಳ ಅಣ್ಣ ಬಂದು ಗೇಟಿನಿಂದಲೇ ಶುರು ಮಾಡಿದರು: "ಏನೇ ವಿಮಲಾ, ಹಬ್ಬದ ದಿನ ಒಣಗಿದ ತೋರಣಾನಾ?"

ವಿಮಲಾ ತುಟಿಯ ಮೇಲೆ ಬೆರಳಿಟ್ಟಳು. "ಮೆಲ್ಲಗೆ ಅಣ್ಣಾ. ಬಾಣಂತಿ ಮಲಗಿದಾಳೆ. ಹಿಂದಿನಿಂದ ಬಾ."

ಅಣ್ಣ ನನ್ನ ಮುಖ ನೋಡಿದರು. ನಮ್ಮ ಮನೆಯಲ್ಲಿ ಬಾಣಂತಿ ಯಾರು ಎಂಬ ಲೆಕ್ಕ ಅವರಿಗೆ ಹತ್ತಲಿಲ್ಲ.

ಮರಿಗಳು ಹಾರಿದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ಎಲ್ಲಿದ್ದೆ ಎಂದು ಕೇಳಬೇಡಿ. ಕೆರೆಯ ದಂಡೆಯಲ್ಲಿ ಸೂರಕ್ಕಿ ಹುಡುಕುತ್ತಿದ್ದೆ. ನೋಡಿದವಳು ವಿಮಲಾ ಒಬ್ಬಳೇ, ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು.

ಗೌರಿ ಹಬ್ಬಕ್ಕೆ ಹಳೆಯ ತೋರಣವನ್ನು ಅವಳೇ ಬಿಚ್ಚಿ ಹೊಸದು ಕಟ್ಟಿದಳು. ನಾನು ಸ್ಟೂಲ್ ಹಿಡಿದಿದ್ದೆ. ಎಲ್ಲಾ ಮುಗಿದ ಮೇಲೂ ಒಂದು ಕೊನೆಯಲ್ಲಿ ದಾರ ಮೊಳದುದ್ದ ಇಳಿಬಿದ್ದಿತ್ತು. ಕತ್ತರಿಸಲೆಂದು ಕೈ ಚಾಚಿದೆ. ಆ ವಿಷಯದಲ್ಲಿ ಎಂದೂ ಇಲ್ಲದ ಚುರುಕು ನನಗೆ.

"ಅದನ್ನ ಬಿಡ್ರೀ," ಎಂದಳು ವಿಮಲಾ. "ನಾಳೆ ತೆಗೆದ್ರಾಯ್ತು."