ನಿಪ್ಪಾಣಿಯಲ್ಲಿ ಖೋಲಿ ಮಾಡಿದ ಗೌರಾಬಾಯಿ

ಯಡೂರಿನ ಆಚೀಚೆ, ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿ ಕಬ್ಬಿನ ರೊಕ್ಕ ಕೈಗೆ ಹತ್ತಿದ ಮೇಲೆ ಒಂದು ಹೊಸ ರೂಢಿ ಹುಟ್ಟಿಕೊಂಡಿತ್ತು. ಅದಕ್ಕೆ ಜನ ‘ಖೋಲಿ ಮಾಡೋದು’ ಅನ್ನುತ್ತಿದ್ದರು. ಮಕ್ಕಳಿಗೆ ಪ್ಯಾಟಿಯ ಇಂಗ್ಲಿಷ್ ಸಾಲೆ ಬೇಕು, ಗಂಡಸರಿಗೆ ಹೊಲ ಬಿಟ್ಟು ಬರಲಾಗದು. ಹೀಗಾಗಿ ಪ್ಯಾಟಿಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು, ಮನೆಯ ಒಬ್ಬ ಹೆಂಗಸನ್ನು ಮಕ್ಕಳ ಜೊತೆ ಅಲ್ಲಿ ಇರಿಸುವುದು. ಎಲ್ಲ ಮನೆಗಳಲ್ಲೂ ಹಾಗೆ ಹೋಗುವವಳು ತಾಯಿಯೇ. ರಾವಸಾಹೇಬನ ಮನೆಯಿಂದ ಮಾತ್ರ ದೊಡ್ಡವ್ವ ಹೋದಳು.

ದೊಡ್ಡವ್ವ ಅಂದರೆ ಗೌರಾಬಾಯಿ. ರಾವಸಾಹೇಬನ ಹೆಂಡತಿ, ಆ ಮನೆಯ ಹಿರಿಸೊಸೆ. ಲಗ್ನವಾಗಿ ಬಹಳ ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಇದ್ದ ಮಕ್ಕಳು ಮೈದುನ ಸಂಜಯನವು: ಏಳನೆಯ ಇಯತ್ತೆಗೆ ಬಂದ ಸಪನಾ, ಅವಳ ತಮ್ಮ ಸುರಜ. ಅವರ ತಾಯಿ ಸೀಮಾಳನ್ನು ಬಿಟ್ಟು ಗೌರಾಬಾಯಿಯನ್ನು ಕಳಿಸಬೇಕೆಂದು ಗೊತ್ತು ಮಾಡಿದವಳು ಅತ್ತೆ ಸೋನಾಬಾಯಿ.

“ಸೀಮಾಗ ಎಮ್ಮಿ ಹಿಂಡಾಕ ಬರತೈತಿ, ನಿನಗ ಮಕ್ಕಳ ಹಿಡಿಯಾಕ ಬರತೈತಿ. ಯಾರ ಕೆಲಸ ಅವರು ಮಾಡ್ರಿ,” ಅಂದಳು ಅತ್ತೆ.

“ಒಮ್ಮೆ ಬಿಟ್ಟು ಹೋದ್ರ ನನ್ನ ಜಾಗಾ ನನಗ ಉಳಿತೈತೇನ್ರಿ, ಅತ್ತಿ?”

“ಹುಚ್ಚಿ! ಸಪನಾನ ಹತ್ತನೇತ್ತಾ ಮುಗೀತಂದ್ರ ಬಂದ ಬಿಡು. ನಿನ್ನ ಜಾಗಾ ಯಾರ ಹೊತ್ತಕೊಂಡ ಹೋಗ್ತಾರ? ಲಗ್ನದ ಸೀರಿ ಪೇಟಿನೂ ಇಲ್ಲೇ ಇರ್ಲಿ. ಪ್ಯಾಟಿ ಖೋಲ್ಯಾಗ ಇಲಿ ಭಾಳ.”

ಪೇಟಿ ಮನೆಯಲ್ಲೇ ಉಳಿಯಿತೆಂಬ ಧೈರ್ಯದ ಮೇಲೆ ಗೌರಾಬಾಯಿ 2008ರ ಜೂನ್ ತಿಂಗಳಲ್ಲಿ ನಿಪ್ಪಾಣಿಯ ಬಸ್ಸು ಹತ್ತಿದಳು.

ಖೋಲಿ ಇದ್ದದ್ದು ತಂಬಾಕು ತುಂಬಿಡುವ ವಖಾರಿಗಳ ಹಿಂದಿನ ಓಣಿಯಲ್ಲಿ. ಗಾಳಿ ಬೀಸಿದರೆ ಘಾಟು ಒಳಗೇ ಬಂದು ಕೂರುತ್ತಿತ್ತು. ಮೊದಲ ವಾರವೆಲ್ಲ ಸೀನಿ ಸೀನಿ ಅವಳ ಮೂಗು ಕೆಂಪಾಯಿತು. ಖೋಲಿಯ ಒಡತಿ ದ್ರೌಪದಿ, ವಖಾರಿಯಲ್ಲಿ ತಂಬಾಕು ಸೋಸಲು ಹೋಗುವ ಮುದುಕಿ, ಅರ್ಧ ಮರಾಠಿ ಅರ್ಧ ಕನ್ನಡದವಳು. “ಸೀನ್ ಬೇ, ಸೀನ್. ನಿಪ್ಪಾಣಿ ಹಿಂಗ ಮೂಗಿನ್ಯಾಗ ಹೊಕ್ಕ ಒಳಗ ಕರಕೊಳ್ಳತೈತಿ,” ಎಂದು ನಗುತ್ತಿದ್ದಳು.

ಊರಲ್ಲಿ ಗೌರಾಬಾಯಿ ರಾವಸಾಹೇಬನ ಮನೆಯವಳು. ಇಲ್ಲಿ ರಾವಸಾಹೇಬ ಯಾರೆಂದು ಯಾರಿಗೂ ಗೊತ್ತಿಲ್ಲ. ನಳದ ಮುಂದೆ ಕೊಡ ಹಿಡಿದು ನಿಂತರೆ ಹಿಂದಿನವಳು ದಬ್ಬಿ ಮುಂದೆ ಹೋಗುವಳು. ಗೌರಾಬಾಯಿ ಮೊದಲು ಅತ್ತಳು, ಆಮೇಲೆ ತಾನೂ ದಬ್ಬಲು ಕಲಿತಳು. ಹಸಿದಾಗ ಉಣ್ಣಬಹುದು, ಸಂಜೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂರಬಹುದು, ಯಾರೂ ಏನೂ ಅನ್ನುವುದಿಲ್ಲ ಅನ್ನುವುದೂ ನಿಧಾನಕ್ಕೆ ತಿಳಿಯಿತು. ಎಲ್ಲಕ್ಕಿಂತ ದೊಡ್ಡದು, ‘ನಿನಗ ಮಕ್ಕಳೆಷ್ಟು’ ಎಂದು ಇಲ್ಲಿ ಕೇಳುವವರಿರಲಿಲ್ಲ. ಇಬ್ಬರು ಕಣ್ಣೆದುರಿಗೇ ಇದ್ದರಲ್ಲ! ಸಾಲೆಯ ಟೀಚರ್ ಬಾಯಿ ಒಮ್ಮೆ, “ನೀವು ಸಪನಾನ ಮಮ್ಮಿ ಅಲ್ವಾ?” ಅಂದರು. ಗೌರಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಸಪನಾ ಅವಳ ಸೆರಗು ಹಿಡಿದು, “ಹೌದ್ರಿ ಮಿಸ್,” ಅಂದುಬಿಟ್ಟಳು. ಆ ದಿನ ಗೌರಾಬಾಯಿ ಮನೆಗೆ ನಡೆದು ಬಂದಳೋ ಹಾರಿ ಬಂದಳೋ, ಅವಳಿಗೇ ಗೊತ್ತಿಲ್ಲ.

ಊರಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಬುತ್ತಿಗಂಟು ಬರುತ್ತಿತ್ತು: ರೊಟ್ಟಿ, ಮೊಸರು, ಕಾಯಿಪಲ್ಯ. ಮೊದಮೊದಲು ರಾವಸಾಹೇಬನೇ ತರುತ್ತಿದ್ದ. ಆಮೇಲೆ ಕಬ್ಬು ಕಡಿಯುವ ಸುಗ್ಗಿ ಎಂದ, ಗಂಟನ್ನು ಕಂಡಕ್ಟರನ ಕೈಯಲ್ಲಿ ಕಳಿಸತೊಡಗಿದ. ದೀಪಾವಳಿ ರಜೆಗೆ ಮಕ್ಕಳನ್ನು ಊರಿಗೆ ಕರೆಸಿಕೊಂಡ ಸೋನಾಬಾಯಿ, “ಗೌರಾ, ನೀ ಅಥಣಿಗೆ ತವರಿಗೆ ಹೋಗಿ ಆರಾಮ್ ಇದ್ದ ಬಾ. ದಣದೀದಿ,” ಎಂದು ಹೇಳಿ ಕಳಿಸಿದಳು. ಅತ್ತೆಗೆ ಇಷ್ಟು ಕರುಣೆ ಎಲ್ಲಿಂದ ಬಂತೆಂದು ಗೌರಾಬಾಯಿ ಸೋಜಿಗಪಟ್ಟು, ಸಂತೋಷದಿಂದಲೇ ಹೋಗಿ ಬಂದಳು. ರಜೆ ಮುಗಿಸಿ ಬಂದ ಸಪನಾ ಮಾತ್ರ ಎರಡು ದಿನ ಮಂಕಾಗಿದ್ದಳು. ಹೊಟ್ಟೆನೋವಿರಬೇಕೆಂದು ಗೌರಾಬಾಯಿ ಓಂಕಾಳು ನೀರು ಕುಡಿಸಿದಳು.

ಸಂಕ್ರಾಂತಿಯ ಮುಂಚಿನ ಭೋಗಿಯ ದಿನ ಬಂದ ಗಂಟಿನಲ್ಲಿ ಸಜ್ಜಿ ರೊಟ್ಟಿ ಇದ್ದವು. ಗೌರಾಬಾಯಿ ಒಂದನ್ನು ಕೈಗೆತ್ತಿಕೊಂಡು ತಿರುವಿ ತಿರುವಿ ನೋಡಿದಳು. ಅತ್ತೆಯ ರೊಟ್ಟಿ ಅಂಚಿಗೆ ದಪ್ಪ, ಬೆರಳು ಸೊಟ್ಟಗಾದಾಗಿನಿಂದ ಹಾಗೆಯೇ. ಸೀಮಾಳ ರೊಟ್ಟಿ ಸಣ್ಣವು, ಬದಿಗೆ ಸೀಳುತ್ತವೆ. ಇದುವರೆಗೆ ಗಂಟಿನಲ್ಲಿ ಬಂದವೆಲ್ಲ ಈ ಎರಡು ಕೈಯವೇ. ಇದು ಅಗಲ, ಎಲೆಯಷ್ಟು ತೆಳು, ಅಂಚಿನವರೆಗೂ ಎಳ್ಳು.

“ಮಾವಶಿ, ನಮ್ಮ ಮನ್ಯಾಗ ಯಾರೋ ಬೇರೆ ರೊಟ್ಟಿ ಬಡ್ಯಾಕತ್ತಾರ,” ಅಂದಳು ದ್ರೌಪದಿಗೆ.

“ಕೂಲಿಯಾಕಿ ಇರಬೇಕಲಾ,” ಅಂದಳು ದ್ರೌಪದಿ.

“ನಮ್ಮತ್ತಿ ಕೂಲಿಯಾಕಿನ್ನ ಒಲಿ ಮುಂದ ಕುಂದ್ರಸಾಕಿ ಅಲ್ಲ.”

“ಹಂಗಾರ ಹೋಗಿ ನೋಡ. ರೊಟ್ಟಿ ಹಿಡಕೊಂಡ ಕುಂತ್ರ ರೊಟ್ಟಿ ಬಾಯಿ ಬಿಡತೈತೇನ?”

ಸಂಕ್ರಾಂತಿ ಮುಗಿದ ಮರುದಿನ ಮಕ್ಕಳನ್ನು ಸಾಲೆಗೆ ಬಿಟ್ಟು ಗೌರಾಬಾಯಿ ಚಿಕ್ಕೋಡಿ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಊರು ಮುಟ್ಟಿದಳು. ಅಡುಗೆಮನೆಯಲ್ಲಿ ಒಲೆಯ ಮುಂದೆ ಇಪ್ಪತ್ತರ ಹುಡುಗಿಯೊಬ್ಬಳು ಕುಳಿತಿದ್ದಳು. ಕೊರಳಲ್ಲಿ ಹೊಸ ತಾಳಿ. ಗೌರಾಬಾಯಿಯನ್ನು ಕಂಡವಳೇ ಹಿಟ್ಟಿನ ಕೈಯಲ್ಲೇ ಎದ್ದು ಕಾಲಿಗೆ ಬಿದ್ದಳು.

“ಅಕ್ಕಾರ ಅಂದ್ರ ನೀವ ಏನ್ರಿ? ನಾ ಸರಿತಾ ರಿ, ಕಾಗವಾಡದಾಕಿ. ನೀವು ಹ್ಞೂಂ ಅಂದೀರಿ ಅಂತನ ನಮ್ಮಪ್ಪ ಒಪ್ಪಿದ್ರಿ. ನೀವು ಕಳಿಸಿದ ಶಾಲು ಸೀರಿ ಉಟ್ಟ ಯಡೂರಾಗ ಲಗ್ನ ಆತ್ರಿ. ನಿಮಗ ಬರಾಕ ಆಗಲಿಲ್ಲಂತ ನಿಮ್ಮ ಬದಲಿ ಸಪನಾ ನನಗ ಕುಂಕುಮಾ ಹಚ್ಚಿದ್ಲರಿ.”

ಆ ಕಡೆಯ ಮಂದಿಯಲ್ಲಿ, ಮೊದಲಿನವಳು ಇರುವಾಗಲೇ ಗಂಡ ಇನ್ನೊಬ್ಬಳನ್ನು ತರುವುದಾದರೆ, ಮೊದಲಿನವಳು ತನ್ನ ಸೀರೆ ಕೊಟ್ಟು, ತನ್ನ ಕೈಯಾರೆ ಹೊಸಬಳ ಹಣೆಗೆ ಕುಂಕುಮ ಇಡಬೇಕು. ಅದನ್ನು ಕಣ್ಣಾರೆ ಕಂಡ ಮೇಲೆಯೇ ಹೆಣ್ಣಿನ ಕಡೆಯವರು ಹೆಣ್ಣು ಬಿಟ್ಟು ಹೋಗುವುದು. ಗೌರಾಬಾಯಿ ನಡುಮನೆಗೆ ಹೋಗಿ ಪೇಟಿ ತೆರೆದಳು. ಲಗ್ನದ ಹಸಿರು ಶಾಲು ಸೀರೆ ಇರಲಿಲ್ಲ.

ಸೋನಾಬಾಯಿ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

“ಅತ್ತಿ, ನಾ ಯಾವಾಗ ಹ್ಞೂಂ ಅಂದ್ನಿ?”

ಅತ್ತೆ ತಲೆ ಎತ್ತಲಿಲ್ಲ. “ಕೇಳಿದ್ರ ನೀ ಅಂತಿದ್ದಿಲ್ಲ. ಅದಕ್ಕ ಕೇಳಲಿಲ್ಲ.”

“ನನ್ನ ಪ್ಯಾಟಿಗೆ ಕಳಿಸಿದ್ದು ಇದಕ್ಕೇನ್ರಿ?”

“ಅದಕ್ಕೂ ಆತು, ಇದಕ್ಕೂ ಆತು. ನಿನಗೇನ ಕಡಿಮಿ ಆಗೇತಿ? ಅಲ್ಲಿ ರಾಣಿ ಹಂಗ ಅದಿ. ಈ ಮನಿಗೊಂದು ಕೂಸು ಬೇಡೇನ?”

ಗೌರಾಬಾಯಿ ಅಡುಗೆಮನೆಯ ಬಾಗಿಲಿಗೆ ತಿರುಗಿ ಹೋದಳು. “ತಂಗೀ,” ಅಂದಳು, “ನಾ ಹ್ಞೂಂ ಅಂದಿಲ್ಲ. ನನಗ ಯಾರೂ ಕೇಳಿಲ್ಲ. ನಿನ್ನ ಹೆಸರೂ ನನಗ ಈಗ ಗೊತ್ತಾತು.” ಸರಿತಾಳ ಮುಖದ ಬಣ್ಣ ಇಳಿದದ್ದನ್ನು ನೋಡಲಾಗದೆ ಅಲ್ಲಿಂದ ಹೊರಬಿದ್ದಳು. ಹೊಲದಲ್ಲಿದ್ದ ಗಂಡನನ್ನು ಹುಡುಕಿ ಹೋಗಲಿಲ್ಲ.

ಬಸ್ಸಿನಲ್ಲಿ ಕುಳಿತವಳಿಗೆ ಗಂಡನ ನೆನಪು ಬಂದು ಬಂದು ಹೋಗುತ್ತಿತ್ತು. ಹೋಗದೆ ಉಳಿದದ್ದು ಸಪನಾಳ ಬೆರಳು, ಕುಂಕುಮ ಹಚ್ಚಿದ ಆ ಬೆರಳು. ಲಗ್ನದ ಊಟ ಉಂಡು ಬಂದು, ತಿಂಗಳುಗಟ್ಟಲೆ ತನ್ನ ಮಗ್ಗುಲಲ್ಲೇ ಮಲಗಿತ್ತಲ್ಲ ಈ ಕೂಸು!

ಸಂಜೆ ಖೋಲಿಯಲ್ಲಿ ಕೇಳಿದಾಗ ಸಪನಾ ಅತ್ತುಬಿಟ್ಟಳು. “ನೀನ ಹೇಳಿ ಕಳಿಸೀದಿ ಅಂದ್ಲು ಅಜ್ಜಿ. ನಿನ್ನ ಮುಂದ ಆ ಮಾತ ತಗದ್ರ ನಿನಗ ದುಃಖ ಆಗತೈತಿ, ಸುಮ್ನಿರು ಅಂದ್ಲು. ಖರೇನ ದೊಡ್ಡವ್ವಾ, ನೀ ಹೇಳಿದ್ದಿಲ್ಲ?”

“ಇಲ್ಲವ್ವಾ.”

ಕೂಸನ್ನೂ ಮೋಸ ಮಾಡಿದ್ದಾರೆ ಎಂದು ತಿಳಿದಾಗ ಗೌರಾಬಾಯಿಗೆ ಅಷ್ಟು ಸಂಕಟದಲ್ಲೂ ಎದೆ ಹಗುರಾಯಿತು. ಮನೆ ಹೋಯಿತು, ಹುಡುಗಿ ಉಳಿದಳು. ಇಬ್ಬರೂ ಒಂದೇ ತಾಟಿನಲ್ಲಿ ಉಂಡರು.

ಹೀಗೆ ಕೆಲವು ದಿನ ಕಳೆಯಿತು. ಒಂದು ಮುಂಜಾನೆ, ಮಕ್ಕಳು ಸಾಲೆಗೆ ಹೊರಟ ಹೊತ್ತಿಗೆ, ರಾವಸಾಹೇಬ ಖೋಲಿಗೆ ಬಂದ. ಜೊತೆಗೆ ಸರಿತಾಳ ತಂದೆ ಕಾಡಸಿದ್ದ. ಮಂದಿಯ ದ್ರಾಕ್ಷಿ ತೋಟಗಳಲ್ಲಿ ದುಡಿದು ಬೆನ್ನು ಬಾಗಿದ ಮನುಷ್ಯ. ವಿಷಯ ತಿಳಿದು ಮಗಳನ್ನು ಕಾಗವಾಡಕ್ಕೆ ಕರೆದೊಯ್ದಿದ್ದ. ಮೊದಲಿನವಳ ಬಾಯಿಂದಲೇ ಕೇಳಬೇಕು, ಅಲ್ಲಿಯವರೆಗೆ ಕಳಿಸುವುದಿಲ್ಲ ಅಂದಿದ್ದ.

ರಾವಸಾಹೇಬ ಹೆಂಡತಿಯನ್ನು ಮೂಲೆಗೆ ಕರೆದು ಮೆಲ್ಲಗೆ ಅಂದ: “ಗೌರಾ, ಒಂದ ಹ್ಞೂಂ ಅಂದ ಬಿಡ. ಆಕಿಗೆ ದಿನಾ ಹೋಗ್ಯಾವ. ನನ್ನ ಮಾರಿ ನೋಡ.”

“ನಿಮ್ಮ ಮಾರಿ ನೋಡೇನಿ ರಿ. ಅದಕ್ಕ ಅನ್ನೂದಿಲ್ಲ.”

ಅವನು ಕಾಡಸಿದ್ದನ ಕಡೆ ತಿರುಗಿ ಗಟ್ಟಿಯಾಗಿ, “ಈಕಿ ಸಿಟ್ಟಿನ ಭರದಾಗ ಇಲ್ಲ ಅನ್ನಾಕತ್ತಾಳ ಮಾವಾರ. ಹುಡುಗಿನ್ನ ಕೇಳ್ರಿ. ಹುಡುಗಿ ಈಕಿ ಕೂಡನ ಇತ್ತು,” ಅಂದ.

ಎಲ್ಲರೂ ಸಪನಾಳನ್ನು ನೋಡಿದರು. ಗೌರಾಬಾಯಿಗೆ ಎಳ್ಳಷ್ಟೂ ಅಂಜಿಕೆ ಇರಲಿಲ್ಲ. ಆ ಜಡೆ ಈಗಷ್ಟೇ ಅವಳೇ ಹೆಣೆದದ್ದು. ಸಪನಾ ದೊಡ್ಡಪ್ಪನನ್ನು ನೋಡಿದಳು, ನೆಲ ನೋಡಿದಳು.

“ಹೌದ್ರಿ ಅಜ್ಜಾ. ದೊಡ್ಡವ್ವನ ಹ್ಞೂಂ ಅಂದಿದ್ಲು. ನಾ ನನ್ನ ಕಿವೀಲೆ ಕೇಳೇನಿ.”

ಬರೀ ಹೌದು ಅಂದಿದ್ದರೆ ಗೌರಾಬಾಯಿ ತಡೆದುಕೊಳ್ಳುತ್ತಿದ್ದಳೋ ಏನೋ.

“ಕಾಕಾ,” ಅಂದಳು ಕಾಡಸಿದ್ದನಿಗೆ, “ನಾ ಅಂದಿಲ್ಲ. ಇನ್ನ ನೀವು ಯಾರನ್ನ ನಂಬತೀರಿ ನಂಬ್ರಿ.”

ಮುದುಕ ಕುಳಿತಲ್ಲೇ ಟೊಪಿಗೆ ತಿರುವಿದ. ಬಸುರಿ ಮಗಳು ಮನೆಯಲ್ಲಿ ಕುಳಿತಿದ್ದಳು. ಅವನಿಗೂ ನಂಬುವುದಕ್ಕೆ ಏನಾದರೂ ಬೇಕಾಗಿತ್ತು. “ಸಣ್ಣ ಕೂಸು ಸುಳ್ಳ ಯಾಕ ಹೇಳತೈತಿ ಬೇ,” ಎಂದು ಎದ್ದ. ಹೋಗುವಾಗ ಗೌರಾಬಾಯಿಯ ಮುಖ ನೋಡಲಿಲ್ಲ.

ಗೌರಾಬಾಯಿ ಮಕ್ಕಳ ಬಟ್ಟೆಗಳನ್ನು ಎರಡು ಚೀಲಕ್ಕೆ ತುಂಬಿ ಗಂಡನ ಮುಂದಿಟ್ಟಳು.

“ಕರಕೊಂಡ ಹೋಗ್ರಿ. ಇವರ ತಾಯಿ ಬಂದ ಖೋಲಿ ಮಾಡ್ಲಿ.”

“ಮತ್ತ ನೀ ಎಲ್ಲಿ ಹೋಗಾಕಿ? ಊರಿಗೆ ಬಂದ ಜಗಳಾ ತಗೀತೀಯೇನ?”

“ನಾ ಎಲ್ಲಿಗೂ ಬರೂದಿಲ್ರಿ. ಈ ಖೋಲ್ಯಾಗ ಇರಾಕಿ. ಮಾವಶಿ ಕೂಡ ವಖಾರಿಗೆ ಹೋಗ್ತೀನಿ.”

ಸುರಜ ದೊಡ್ಡದಾಗಿ ಅಳತೊಡಗಿದ. ಸಪನಾ ಹೊಸ್ತಿಲಲ್ಲಿ ನಿಂತು, “ದೊಡ್ಡವ್ವಾ, ಹಂಗ ಹೇಳಲಿಲ್ಲಂದ್ರ ಸಾಲಿ ಬಿಡಸ್ತೀನಿ ಅಂದಿದ್ಲು ಅಜ್ಜಿ,” ಅಂದಳು.

“ಯಾವಾಗ ಹೇಳಿದ್ಲು?”

“ಮೊನ್ನೆ. ಸಾಲಿಗೆ ಫೋನ್ ಮಾಡಿದ್ಲು.”

ಮೊನ್ನೆ ಅಂದರೆ ಒಂದೇ ತಾಟಿನಲ್ಲಿ ಉಂಡ ಮೇಲೆ. ಗೌರಾಬಾಯಿ ಹುಡುಗಿಯ ಹೆಗಲ ಮೇಲಿನ ಪುಸ್ತಕದ ದಫ್ತರ ಸರಿಮಾಡಿ, “ಹೋಗ. ಬಸ್ ತಪ್ಪತೈತಿ,” ಅಂದಳು.

ಆ ವರ್ಷದ ಪರೀಕ್ಷೆಯನ್ನು ಮಕ್ಕಳು ಊರಿಂದಲೇ ಬಂದು ಬರೆದರು. ಜೂನ್‌ಗೆ ಸೀಮಾ ಅವರೊಂದಿಗೆ ಬಂದು ಎರಡು ಓಣಿ ಆಚೆ ಬೇರೆ ಖೋಲಿ ಮಾಡಿದಳು. ಅಲ್ಲಿಂದ ಸಾಲೆಗೆ ಹತ್ತಿರದ ಹಾದಿ ಗೌರಾಬಾಯಿಯ ಬಾಗಿಲ ಮುಂದೆಯೇ ಹಾಯುತ್ತದೆ. ಸಪನಾ ಆ ಹಾದಿ ಬಿಟ್ಟು ವಖಾರಿಗಳನ್ನು ಸುತ್ತಿಕೊಂಡು ಹೋಗತೊಡಗಿದಳು. ದೊಡ್ಡವ್ವ ಈಗ ಆ ಸುತ್ತು ಹಾದಿಯ ವಖಾರಿಯಲ್ಲೇ, ಬಾಗಿಲ ಬೆಳಕಿಗೆ ತಂಬಾಕು ಸೋಸುತ್ತಾ ಕೂರುತ್ತಾಳೆಂದು ಹುಡುಗಿಗೆ ಯಾರೂ ಹೇಳಿರಲಿಲ್ಲ. ಮೊದಲ ದಿನ ಇಬ್ಬರೂ ಒಬ್ಬರನ್ನೊಬ್ಬರು ಕಂಡರು. ಸಪನಾಳ ಹೆಜ್ಜೆ ನಿಂತಿತು.

ಗೌರಾಬಾಯಿ ತನ್ನ ಜರಡಿ ಎತ್ತಿಕೊಂಡು ಒಳಗಿನ ಹೆಂಗಸರ ಸಾಲಿಗೆ ಹೋಗಿ, ಹುಡುಗಿ ಹಾದುಹೋಗಲೆಂದು ಬಾಗಿಲಿಗೆ ಬೆನ್ನು ಮಾಡಿ ಕುಳಿತಳು.

“ಅಲ್ಲಿ ಕತ್ತಲ ಐತಲಾ, ಕಾಣತೈತೇನ ನಿನಗ?” ಎಂದು ದ್ರೌಪದಿ ಕೂಗಿದಳು.

“ಕಾಣತೈತಿ ಮಾವಶಿ,” ಅಂದಳು ಗೌರಾಬಾಯಿ.